ಉಮೇದಿ ಹೋದ ವರ್ಷ

ನಮ್ಮೂರು ಕೇಣಿಯಲ್ಲಿ ನನ್ನ ಬಗ್ಗೆ ಏನೇನೋ ಅಂದವರಿದ್ದಾರೆ. ಬಾಯಿ ಜೋರು ಅಂದಿದ್ದಾರೆ, ಜಗಳಗಂಟಿ ಅಂದಿದ್ದಾರೆ, ಗಂಡನ ಕೈಯಲ್ಲಿ ಸ್ಟೇರಿಂಗ್ ಕೊಟ್ಟು ಟೆಂಪೋ ಮಾತ್ರ ತಾನೇ ಓಡಿಸುತ್ತಾಳೆ ಅಂತಲೂ ಅಂದಿದ್ದಾರೆ. ಎಲ್ಲದರಲ್ಲೂ ಅಷ್ಟಿಷ್ಟು ನಿಜವಿದೆ. ಆದರೆ ಮೈಗಳ್ಳಿ ಅಂತ ಮಾತ್ರ ಯಾರೂ ಅಂದಿರಲಿಲ್ಲ. ನಲವತ್ತು ದಾಟಿದ ಮೇಲೆ ಆ ಮಾತನ್ನೂ ಕೇಳಿದೆ. ಕೇಳಿ ಸುಮ್ಮನೆ ಕೂತೆ. ಹಾಗೆ ಸುಮ್ಮನೆ ಕೂತದ್ದೇ ನನ್ನ ಕಾಯಿಲೆ ಎಂದು ಗೊತ್ತಾಗಲು ಬಹಳ ಕಾಲ ಬೇಕಾಯಿತು.

ನಿಮ್ಮ ಮನೆಯಲ್ಲೂ ಹೀಗೆ ಕೂತವರು ಒಬ್ಬರಿರಬಹುದು. ಕೈಕಾಲು ನೆಟ್ಟಗಿದ್ದು, ಮಾತು ಸರಿಯಿದ್ದು, ಆದರೂ ಎದ್ದು ಒಂದು ಲೋಟ ನೀರು ತಂದುಕೊಳ್ಳದವರು. ಅವರನ್ನು ಬೈದು ಬೈದು ನಿಮಗೂ ಸಾಕಾಗಿರಬಹುದು. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಅಂಕೋಲೆಯಲ್ಲಿ ಎಸ್‌ಎಸ್‌ಎಲ್‌ಸಿವರೆಗೆ ಓದಿದವಳು, ಆಮೇಲಿನದೆಲ್ಲ ಮೀನಿನ ಓದು. ಅಕ್ಷರದ ತಪ್ಪುಗಳನ್ನು ಮಗಳು ತಿದ್ದಿದ್ದಾಳೆ. ಅಭಿಪ್ರಾಯಗಳನ್ನು ಮುಟ್ಟಕೂಡದು ಎಂದು ಮೊದಲೇ ಹೇಳಿದ್ದೇನೆ.

ನಮ್ಮದು ತಲೆತಲಾಂತರದಿಂದ ಬಲೆ ಹಾಕುವ ಮನೆ. ಮಾವ ಇರುವ ತನಕ ದೋಣಿಯಿತ್ತು. ಅವರು ಹೋದ ಮೇಲೆ ನಾನೂ ನನ್ನ ಮನೆಯವರೂ ವ್ಯಾಪಾರಕ್ಕಿಳಿದೆವು. ನಸುಕಿನಲ್ಲಿ ಟೆಂಪೋದಲ್ಲಿ ಕಾರವಾರದ ಬೈತಖೋಲ ಬಂದರಿಗೆ ಹೋಗಿ, ಲಿಲಾವಿನಲ್ಲಿ, ಅಂದರೆ ಹರಾಜಿನಲ್ಲಿ, ಮೀನು ಹಿಡಿದು, ಐಸು ಹಾಕಿ, ಅಂಕೋಲೆ ಪೇಟೆಗೆ ಅರ್ಧ ಇಳಿಸಿ, ಉಳಿದದ್ದನ್ನು ಹಿಲ್ಲೂರಿನ ಕಡೆಗೆ ಒಯ್ಯುವುದು ನಮ್ಮ ದಿನಚರಿ. ಹಿಲ್ಲೂರಿನ ಕಾಡುಮನೆಗಳ ನಾಯಿಗಳಿಗೂ ನಮ್ಮ ಹಾರ್ನು ಗೊತ್ತು.

ಲಿಲಾವು ಅಂದರೆ ಬಾಯಿದ್ದವರ ಆಟ. ಬಂಗಡೆಯ ರಾಶಿ ಮುಂದೆ ಬಿದ್ದ ಕೂಡಲೇ ಅದರ ಕಣ್ಣು, ಕಿವಿರು, ಹೊಟ್ಟೆ ನೋಡಿ, ಇವತ್ತು ಪೇಟೆಯಲ್ಲಿ ಎಷ್ಟು ಹೋಗುತ್ತದೆ ಎಂದು ಮನಸ್ಸಿನಲ್ಲೇ ಎಣಿಸಿ, ಪಕ್ಕದವಳಿಗಿಂತ ಮೊದಲು ಕೂಗಬೇಕು. ‘ನೀವು ಕೂಗಿ’ ಎಂದು ಅಲ್ಲಿ ಯಾರೂ ಕರೆದು ಹೇಳುವುದಿಲ್ಲ. ಮೊದಲ ಕೂಗು ನನ್ನದೇ ಆಗಿರುತ್ತಿತ್ತು. ಇದಕ್ಕೆ ನಮ್ಮ ಕಡೆ ಉಮೇದಿ ಅನ್ನುತ್ತೇವೆ. ಶಕ್ತಿ ಬೇರೆ, ಉಮೇದಿ ಬೇರೆ. ಶಕ್ತಿ ಇದ್ದು ಉಮೇದಿ ಇಲ್ಲದವರನ್ನು ನಾನು ಬೇಕಾದಷ್ಟು ನೋಡಿದ್ದೆ. ಅವರಲ್ಲಿ ನಾನೂ ಒಬ್ಬಳಾಗುತ್ತೇನೆ ಅಂದುಕೊಂಡಿರಲಿಲ್ಲ.

ಶುರುವಾದದ್ದು ಒಂದು ತಲೆನೋವಿನಿಂದ. ಬಚ್ಚಲಲ್ಲಿ ಕಣ್ಣು ಕತ್ತಲೆ ಕಟ್ಟಿತು, ವಾಂತಿಯಾಯಿತು, ಬಿಸಿಲಿಗೆ ಪಿತ್ತ ಏರಿದೆ ಎಂದು ಮಲಗಿದೆ. ಮರುದಿನ ಎಲ್ಲ ಸರಿಯಿತ್ತು. ಕೈ ಆಡುತ್ತಿತ್ತು, ಕಾಲು ನಡೆಯುತ್ತಿತ್ತು. ‘ಇವತ್ತೊಂದಿನ ಮಲಕೋ’ ಎಂದು ಮನೆಯವರು ಹೇಳಿದರು. ಮಲಗಿದೆ. ಅದರ ಮರುದಿನ ‘ಹೋಗುವಾ’ ಅಂದರು. ಹೋದೆ.

ಬೈತಖೋಲದಲ್ಲಿ ತಾರ್ಲೆ ಮೀನಿನ ರಾಶಿ ಬಿತ್ತು. ಒಳ್ಳೆಯ ತಾರ್ಲೆ. ನನಗೆ ಅದರ ಬೆಲೆ ಗೊತ್ತಿತ್ತು. ಅದು ನಮಗೆ ಬೇಕು ಎಂದೂ ಗೊತ್ತಿತ್ತು. ಕೂಗಲಿಲ್ಲ. ಇನ್ನೊಬ್ಬಳು ಕೂಗಿ ಒಯ್ದಳು. ಬಂಗಡೆ ಬಿತ್ತು, ಹೋಯಿತು. ಶೆಟ್ಲಿ, ಅಂದರೆ ಸಿಗಡಿ, ಬಿತ್ತು, ಹೋಯಿತು. ಖಾಲಿ ಬುಟ್ಟಿಗಳ ನಡುವೆ ನಿಂತ ನನ್ನನ್ನು ಮನೆಯವರು ಬಂದು ನೋಡಿ, ಯಾರೋ ಸತ್ತ ಸುದ್ದಿ ಬಂದಿದೆ ಎಂದೇ ತಿಳಿದರು.

ಆಮೇಲೆ ಅದು ದಿನದ ಕಥೆಯಾಯಿತು. ಒಲೆಯ ಮೇಲೆ ಮೀನಿನ ಪಳದಿ ಸೀಯುತ್ತಿತ್ತು, ಎದುರೇ ಕೂತು ನೋಡುತ್ತಿದ್ದೆ. ಸೀಯುತ್ತಿದೆ ಎಂದು ತಿಳಿಯುತ್ತಿತ್ತು, ಇಳಿಸಬೇಕು ಎಂದೂ ತಿಳಿಯುತ್ತಿತ್ತು. ತಿಳಿದದ್ದು ಕೈಯವರೆಗೆ ಬರುತ್ತಿರಲಿಲ್ಲ. ಅತ್ತೆ ಹಿತ್ತಲಿಂದ ಕುಂಟುತ್ತ ಬಂದು, ‘ಎಂತಾ ಆಯ್ತೆ ನಿಂಗೆ? ಇಳ್ಸೆ ಅದ್ನ’ ಅಂದರೆ ಆ ಕ್ಷಣ ಎದ್ದು ಇಳಿಸುತ್ತಿದ್ದೆ. ಇದೇ ಎಲ್ಲರನ್ನೂ ಕೆರಳಿಸಿದ್ದು. ಹೇಳಿದರೆ ಮಾಡುತ್ತಾಳೆ, ಅಂದ ಮೇಲೆ ಮಾಡಲು ಬರುತ್ತದೆ. ಬರುತ್ತದೆ, ಆದರೂ ಮಾಡುವುದಿಲ್ಲ. ಮೈಗಳ್ಳತನಕ್ಕೆ ಇನ್ನೇನು ಸಾಕ್ಷಿ ಬೇಕು?

ನಿಮಗೆ ಭಯವಾಗಲಿಲ್ಲವೇ ಎಂದು ಎಷ್ಟೋ ಜನ ಕೇಳಿದ್ದಾರೆ. ನಿಜ ಹೇಳುತ್ತೇನೆ, ಆಗಲಿಲ್ಲ. ಭಯಪಡುವುದಕ್ಕೂ ಒಂದು ಉಮೇದಿ ಬೇಕು. ನನ್ನ ಪಾಲಿನ ಭಯವನ್ನೆಲ್ಲ ಮನೆಯ ಮೂವರು ಹಂಚಿಕೊಂಡು ಅನುಭವಿಸಿದರು. ನನಗೆ ಅದು ಬಂದದ್ದು ಒಂದು ವರ್ಷದ ನಂತರ, ಎಲ್ಲ ಮುಗಿಯುತ್ತ ಬಂದಾಗ. ಬಂದ ದಿನ ರಾತ್ರಿ ಕೂತು ಚೆನ್ನಾಗಿ ಅತ್ತುಬಿಟ್ಟೆ.

ಅತ್ತೆ ಮೊದಲು ಮೆಣಸು ಉಪ್ಪು ನಿವಾಳಿಸಿ ಒಲೆಗೆ ಹಾಕಿದರು, ದೇವರಿಗೆ ಕಾಯಿ ಹೇಳಿಕೊಂಡರು. ಆಮೇಲೆ ಮನೆಯವರು ಪೇಟೆಯ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಘಟ್ಟದ ಮೇಲಿನ ದೂರದ ಊರಿನವರು, ಒಳ್ಳೆಯ ಮನುಷ್ಯ, ಬಂದು ಸ್ವಲ್ಪವೇ ದಿನವಾಗಿತ್ತು. ‘ಏನಾಗುತ್ತಮ್ಮ?’ ಎಂದು ಕೇಳಿದರು.

‘ಏಳೂಕೆ ಬೇಜಾರು’ ಅಂದೆ.

ನಮ್ಮ ಕಡೆ ಬೇಜಾರು ಎಂಬ ಒಂದು ಮಾತಿನ ಕೈಯಲ್ಲಿ ಹತ್ತು ಕೆಲಸ ಮಾಡಿಸುತ್ತೇವೆ. ಯಾರಾದರೂ ತೀರಿಕೊಂಡರೂ ಬೇಜಾರು, ನೆಂಟರು ಮದುವೆಗೆ ಕರೆಯದಿದ್ದರೂ ಬೇಜಾರು, ಊಟವಾದ ಮೇಲೆ ತಟ್ಟೆ ತೊಳೆಯಲಿಕ್ಕೂ ಬೇಜಾರು. ನಾನು ಹೇಳಿದ್ದು ತಟ್ಟೆ ತೊಳೆಯುವ ಬೇಜಾರು. ಅವರು ಕೇಳಿಸಿಕೊಂಡದ್ದು ಸಾವಿನ ಮನೆಯ ಬೇಜಾರು. ಕುರ್ಚಿ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿ, ‘ಮನೆಯಲ್ಲಿ ಏನಾದರೂ ತೊಂದರೆ ಇದೆಯಾ? ಯಜಮಾನರು ಕುಡೀತಾರಾ? ಹೊಡೀತಾರಾ?’ ಎಂದು ಕೇಳಿದರು. ಯಜಮಾನರು ಪಕ್ಕದಲ್ಲೇ ಕೂತಿದ್ದರು. ಆ ಮನುಷ್ಯ ಬೀಡಿ ಸಹ ಸೇದದವರು. ‘ಇಲ್ಲ, ಹಾಗೇನಿಲ್ಲ’ ಎಂದು ನಾನು ಹೇಳಬೇಕಿತ್ತು. ಹೇಳಬೇಕು ಎಂದು ಅನ್ನಿಸಿತು. ಹೇಳಲಿಲ್ಲ.

ಮನಸ್ಸಿನ ದುಃಖಕ್ಕೆ ಗುಳಿಗೆ ಬರೆದುಕೊಟ್ಟರು. ಔಷಧಿ ಅಂಗಡಿಯಿಂದ ಸುದ್ದಿ ನಮಗಿಂತ ಮೊದಲು ಕೇಣಿ ಮುಟ್ಟಿತು. ‘ಅವಳಿಗೆ ಮನೇಲಿ ಎಂತದೋ ದುಃಖ ಅದೆ’ ಎಂದು ಹೆಂಗಸರು ನನ್ನ ಕೈ ಹಿಡಿದು ಕೂತರು. ಮನೆಯವರು ಜಗುಲಿಗೆ ಬಂದರೆ ಮಾತು ನಿಲ್ಲಿಸಿ ಅವರನ್ನು ನೋಡಿದರು. ಊರಿಡೀ ಬೋಳೇಶಂಕರ ಎಂದು ಕರೆಸಿಕೊಂಡಿದ್ದ ಆ ಬಡಪಾಯಿ, ಮಾಡದ ತಪ್ಪಿಗೆ ತಲೆ ತಗ್ಗಿಸಿ ನಡೆಯುವ ಹಾಗಾಯಿತು. ಒಂದು ಮಧ್ಯಾಹ್ನ ನನ್ನ ಎದುರು ಕುಕ್ಕರಗಾಲಲ್ಲಿ ಕೂತು, ‘ನಾ ನಿಂಗೆ ಎಂತಾ ಮಾಡ್ದೆ ಅಂತ ಹೇಳೆ. ಹೇಳಿದ್ರೆ ಸರಿ ಮಾಡ್ತೆ’ ಅಂದರು. ನಾನು ಅವರ ಮುಖ ನೋಡುತ್ತ ಕೂತೆ. ಇಷ್ಟು ವರ್ಷಗಳಾದ ಮೇಲೂ ಅವರ ಆ ಮುಖ ನೆನಪಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಅವರಿಗೆ ಚಾ ಮಾಡಿಕೊಡುತ್ತೇನೆ.

ಅದಕ್ಕಿಂತ ದೊಡ್ಡ ನೋವು ಮಗಳದ್ದು. ಶ್ವೇತಾ ಆಗಷ್ಟೇ ಕಾರವಾರದ ಕಾಲೇಜಿಗೆ ಸೇರಿದ್ದಳು. ಬೆಳಿಗ್ಗೆ ಬಸ್ಸಿಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ಬಂದವಳಿಗೆ ಊಟವಾಯಿತಾ, ಬಸ್ಸಲ್ಲಿ ಜಾಗ ಸಿಕ್ಕಿತಾ, ಯಾರ ಹತ್ತಿರ ಹಲ್ಲು ಕಿಸಿಯುತ್ತ ನಿಂತಿದ್ದೆ ಎಂದು ನಾನು ಕೇಳುವುದು ನಿಂತುಹೋಗಿತ್ತು. ಅವಳು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದೆ, ನಾನಾಗಿ ಏನೂ ಕೇಳುತ್ತಿರಲಿಲ್ಲ. ಒಂದು ದಿನ ಅತ್ತೆಯ ಹತ್ತಿರ ಅವಳು ನನ್ನ ಬಗ್ಗೆ ಹೇಳುತ್ತಿದ್ದದ್ದು ಕೇಳಿಸಿತು: ‘ನಾ ಮನೆಗೆ ಬರ್ದೇ ಇದ್ರೂ ಆಯಿಗೆ ಗೊತ್ತಾಗೂದಿಲ್ಲಾ ಅಜ್ಜಿ. ಆಯಿಗೆ ನಾ ಬೇಡ ಆಗಿದ್ದೆ.’

ಬೇಡವಾಗಿರಲಿಲ್ಲ. ಅವಳ ಹೆಜ್ಜೆಯ ಸದ್ದು ಅಂಗಳದಲ್ಲಿ ಕೇಳಿದರೆ ಒಳಗೆ ಏನೋ ಅಲ್ಲಾಡುತ್ತಿತ್ತು. ಅಲ್ಲಾಡಿ ಅಲ್ಲೇ ಕೂರುತ್ತಿತ್ತು. ಹೆತ್ತವಳಿಗೆ ಮಗು ಬೇಕೋ ಬೇಡವೋ ಎಂದು ಹೊರಗಿನವರಿಗೆ ಗೊತ್ತಾಗುವುದು ಅವಳು ಎದ್ದು ಬಂದರೆ ಮಾತ್ರ. ಎದ್ದು ಬರದ ಪ್ರೀತಿಯನ್ನು ಯಾರಿಗೆ ತೋರಿಸುವುದು?

ಎಲ್ಲರ ಲೆಕ್ಕ ತಪ್ಪಿದೆ ಎಂದು ಮೊದಲು ಹೇಳಿದವಳು ನನ್ನ ತಂಗಿ. ಅವಳ ಮನೆ ಕಾರವಾರದ ಹಬ್ಬುವಾಡದಲ್ಲಿ. ಹವಾ ಬದಲಾಗಲಿ ಎಂದು ನನ್ನನ್ನು ಅಲ್ಲಿ ಬಿಟ್ಟಿದ್ದರು. ಮಳೆಗಾಲದ ಒಂದು ದಿನ ಅವಳು ಕೆಲಸಕ್ಕೆ ಹೋಗುವಾಗ ನಾನು ಹಿತ್ತಲ ಬಾಗಿಲಲ್ಲಿ ಕೂತಿದ್ದೆ. ಸಂಜೆ ಬರುವಾಗಲೂ ಅಲ್ಲೇ ಇದ್ದೆ. ಇರಚಲು ಹೊಡೆದು ಸೀರೆ ಮೈಗಂಟಿತ್ತು. ಅವಳು ನನ್ನ ತಲೆ ಒರೆಸುತ್ತಲೇ ಕೇಣಿಯ ಆಚೆಮನೆಗೆ ಫೋನು ಮಾಡಿ ನನ್ನ ಮನೆಯವರನ್ನು ಕರೆಸಿದಳು. ‘ಭಾವಾ, ಅಕ್ಕಂಗೆ ಬೇಜಾರಲ್ಲ. ಬೇಜಾರಾಗಿದ್ರೆ ಅಳ್ತಿತ್ತು. ಅಕ್ಕ ಚಳಿ ಆದ್ರೂ ಒಳಗ್ ಬರೂದಿಲ್ಲಾ. ಇದು ತಲೆದೇ ಏನೋ. ಗೋವಾಕ್ಕೆ ಕರ್ಕಂಡ್ ಹೋಗುವಾ.’

ಕಾರವಾರದವರಿಗೆ ದೊಡ್ಡ ಕಾಯಿಲೆ ಅಂದರೆ ಒಂದೋ ಮಣಿಪಾಲ, ಇಲ್ಲವೇ ಗೋವಾ. ಕಾಳಿ ಸೇತುವೆ ದಾಟಿ, ಚಿತ್ತಾಕುಲ ದಾಟಿ, ಗಡಿ ದಾಟಿ ನಾನು, ಮನೆಯವರು, ತಂಗಿ, ಶ್ವೇತಾ ಹೋದೆವು. ಆಸ್ಪತ್ರೆಯ ಬೆಂಚಿನಲ್ಲಿ ಸರದಿಗಾಗಿ ಕಾಯುವುದು ಎಲ್ಲರಿಗೂ ನರಕ. ಮಕ್ಕಳು ಅಳುತ್ತಿದ್ದವು, ಗಂಡಸರು ಎದ್ದು ಹೋಗಿ ಚಾ ಕುಡಿದು ಬರುತ್ತಿದ್ದರು, ಒಬ್ಬಾಕೆ ಸರದಿಯ ಚೀಟಿಯನ್ನು ಮಡಚಿ ಬಿಚ್ಚಿ ಹರಿದೇ ಹಾಕಿದಳು. ನನ್ನಷ್ಟು ಚೆನ್ನಾಗಿ ಕಾಯುವವರು ಆ ಆಸ್ಪತ್ರೆಯ ಇತಿಹಾಸದಲ್ಲೇ ಇರಲಿಕ್ಕಿಲ್ಲ. ಕೂರಿಸಿದಲ್ಲಿ ಕೂತೆ. ಪಕ್ಕದ ಅಜ್ಜಿಯೊಬ್ಬಳು ಮನೆಯವರಿಗೆ, ‘ಎಷ್ಟು ಸಮಾಧಾನದ ಹೆಂಡ್ತಿ ನಿಮ್ದು’ ಎಂದು ಹೊಗಳಿದಳು. ಅವರಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ಡಾಕ್ಟರು ವಯಸ್ಸಾದವರು, ನರಗಳ ತಜ್ಞರು. ಕೈ ಎತ್ತಿಸಿದರು, ಕಾಲು ತಟ್ಟಿದರು, ತಿಂಗಳುಗಳ ಹೆಸರು ಹಿಂದುಮುಂದಾಗಿ ಹೇಳಿಸಿದರು. ಎಲ್ಲ ಸರಿಯಾಗಿ ಮಾಡಿದೆ. ಆಮೇಲೆ ಒಂದು ಲೋಟ ನೀರು ನನ್ನ ಎದುರಿಟ್ಟು ತಾವು ಸುಮ್ಮನಾಗಿಬಿಟ್ಟರು. ನಾನೂ ಸುಮ್ಮನಿದ್ದೆ. ಫ್ಯಾನು ತಿರುಗುತ್ತಿತ್ತು. ಮನೆಯವರು ಏನೋ ಹೇಳಹೋದರೆ ಕೈಸನ್ನೆಯಲ್ಲಿ ತಡೆದರು. ತುಂಬ ಹೊತ್ತು ಹಾಗೇ ಕೂತು, ಕೊನೆಗೆ ‘ನೀರು ಕುಡಿ’ ಎಂದು ಕೊಂಕಣಿಯಲ್ಲಿ ಹೇಳಿದರು. ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿದೆ.

‘ಬಾಯಾರಿತ್ತಾ?’ ಎಂದು ಕೇಳಿದರು.

‘ಹೌದು.’

‘ಎದುರೇ ಇತ್ತಲ್ಲ, ಯಾಕೆ ಕುಡಿಯಲಿಲ್ಲ?’

ಬೈತಖೋಲದ ವ್ಯಾಪಾರವೆಲ್ಲ ನಡೆಯುವುದು ಕೊಂಕಣಿಯಲ್ಲಿ, ಹಾಗಾಗಿ ಆ ಭಾಷೆ ನನಗೆ ನಾಲಗೆಯ ತುದಿಯಲ್ಲೇ ಇತ್ತು. ‘ಉಮೇದ್ ನಾ’ ಅಂದೆ. ಉಮೇದಿ ಇಲ್ಲ.

ಅವರು ಪೆನ್ನು ಕೆಳಗಿಟ್ಟರು. ಉಮೇದ್ ಎಂಬುದು ಅವರ ಮನೆಯ ಮಾತೂ ಹೌದು, ನಮ್ಮ ಮನೆಯ ಮಾತೂ ಹೌದು. ಸುಸ್ತು ಅಂದಿದ್ದರೆ ರಕ್ತ ಪರೀಕ್ಷೆಗೆ ಕಳಿಸುತ್ತಿದ್ದರೇನೋ, ಬೇಜಾರು ಅಂದಿದ್ದರೆ ಇನ್ನೊಮ್ಮೆ ದುಃಖದ ಗುಳಿಗೆ ಬರುತ್ತಿತ್ತೇನೋ. ಉಮೇದಿ ಇಲ್ಲ ಅಂದದ್ದಕ್ಕೆ ತಲೆಯ ಸ್ಕ್ಯಾನು ಮಾಡಿಸಿದರು.

ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಮಿದುಳಿನ ಆಳದಲ್ಲಿ ಎಡಕ್ಕೊಂದು, ಬಲಕ್ಕೊಂದು ಅವರೆಕಾಳಿನಂಥ ಎರಡು ಕಲೆ. ಬಿಪಿ ಇದ್ದದ್ದು ಗೊತ್ತಾಗದೆ ಆ ತಲೆನೋವಿನ ದಿನ ಎರಡು ಸಣ್ಣ ನಾಳ ಕಟ್ಟಿಕೊಂಡಿದ್ದವಂತೆ. ‘ಲಕ್ವಾ ಅಂದ್ರೆ ಕೈಕಾಲು ಬೀಳ್ಬೇಕಲ್ಲಾ ಡಾಕ್ಟ್ರೆ?’ ಎಂದು ಮನೆಯವರು ಕೇಳಿದರು. ಡಾಕ್ಟರು, ‘ಕೈಕಾಲು ಆಡಿಸುವ ಜಾಗ ಬೇರೆ, ಅದು ಸರಿಯಿದೆ. ಬೇಕು ಅನ್ನಿಸಿದ್ದನ್ನು ಕೆಲಸಕ್ಕೆ ಇಳಿಸುವ ಜಾಗಕ್ಕೆ ಪೆಟ್ಟು ಬಿದ್ದಿದೆ. ಹೊರಗಿನಿಂದ ಯಾರಾದರೂ ಹೇಳಿದರೆ ಆ ದಾರಿ ತೆರೆಯುತ್ತದೆ, ಒಳಗಿನಿಂದ ತೆರೆಯುವುದಿಲ್ಲ’ ಅಂದರು.

ಮನೆಯವರು ಸ್ವಲ್ಪ ಯೋಚಿಸಿದರು. ‘ಹಂಗಾರೆ ನಮ್ಮ ಟೆಂಪೋದ್ದೇ ಕಥೆ. ಎಂಜಿನ್ ಗಟ್ಟಿ ಅದೆ, ಸೆಲ್ಫ್ ಸ್ಟಾರ್ಟ್ ಹೋಗ್ಯದೆ. ದೂಡಿದ್ರೆ ಓಡ್ತದೆ.’

ಡಾಕ್ಟರು ಬಾಯಿತುಂಬ ನಕ್ಕರು. ಇನ್ನು ಮೇಲೆ ಎಲ್ಲ ರೋಗಿಗಳಿಗೂ ಹೀಗೇ ಹೇಳುತ್ತೇನೆ ಅಂದರು. ನನ್ನ ಮನೆಯವರು ಅತ್ತದ್ದು ಆಮೇಲೆ, ವರಾಂಡದಲ್ಲಿ. ಅವರ ತಪ್ಪಿಲ್ಲವೆಂದು ಒಂದು ಯಂತ್ರವೇ ಚಿತ್ರ ತೆಗೆದು ಕೊಟ್ಟಿತ್ತಲ್ಲ. ಆ ಚಿತ್ರದ ಲಕೋಟೆಯನ್ನು ಕೇಣಿಯ ತಿರುವಿನಿಂದ ಮನೆಯವರೆಗೆ ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದುಕೊಂಡೇ ನಡೆದರು.

ಹೊರಡುವ ಮೊದಲು ಡಾಕ್ಟರು ಬಿಪಿಗೆ ಗುಳಿಗೆ ಕೊಟ್ಟಿದ್ದರು. ಕೈ ನಡುಗುವ ಕಾಯಿಲೆಯವರಿಗೆ ಕೊಡುವ ಇನ್ನೊಂದು ಗುಳಿಗೆಯನ್ನೂ ಕೊಟ್ಟು, ಕೆಲವರಿಗೆ ಇದು ಸಹಾಯ ಮಾಡುತ್ತದೆ ಅಂದರು. ‘ಬೈಯಬೇಡಿ, ಕರೆಯಿರಿ’ ಎಂದು ಮನೆಯವರಿಗೆ ಒತ್ತಿ ಹೇಳಿದರು. ತಾನಾಗಿ ಏಳುವ ದಿನ ಬರುತ್ತದಾ ಎಂದು ತಂಗಿ ಕೇಳಿದ್ದಕ್ಕೆ ಮಾತ್ರ, ‘ಹೇಳಲಿಕ್ಕಾಗುವುದಿಲ್ಲ’ ಅಂದರು. ಶ್ವೇತಾ ಅದನ್ನು ಕೇಳಿಸಿಕೊಂಡು ಕಿಟಕಿಯ ಕಡೆ ತಿರುಗಿದಳು.

ಕರೆಯುವ ಕೆಲಸವನ್ನು ಅತ್ತೆ ತಮ್ಮದು ಮಾಡಿಕೊಂಡರು. ನಮ್ಮ ಮಾವ ರಂಪಣಿ ಬಲೆಯ ಕೂಗುಗಾರ. ರಂಪಣಿ ಎಂದರೆ ದಡದಿಂದ ನೂರಾರು ಕೈಗಳು ಹಗ್ಗ ಹಿಡಿದು ಎಳೆಯುವ ದೊಡ್ಡ ಬಲೆ. ಕೂಗುಗಾರ ‘ಹೈಸಾ’ ಎಂದು ಕೂಗಿದರೆ ಎಲ್ಲರೂ ಒಟ್ಟಿಗೆ ಎಳೆಯುವುದು. ಹಗ್ಗ ಹಿಡಿದವನಿಗೆ ಆ ದಿನ ಮನಸ್ಸಿದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಕೂಗು ಬಂತು, ಕೈ ಎಳೆಯಿತು. ಅತ್ತೆ ಹೇಳಿದರು: ‘ಒಬ್ಬರ ಉಮೇದಿಯಲ್ಲಿ ನೂರು ಜನ ಎಳ್ದದ್ದು ನಾ ಕಂಡಿದ್ದೆ. ನನ್ನ ಉಮೇದಿಯಲ್ಲಿ ಒಂದು ಸೊಸೆ ಏಳೂದಿಲ್ವಾ?’

ಅಂದಿನಿಂದ ನಮ್ಮ ಜಗುಲಿಯೇ ಕಡಲ ದಂಡೆಯಾಯಿತು. ‘ಏಳೇ ಹೈಸಾ. ಮುಖ ತೊಳ್ಯೇ ಹೈಸಾ. ತೆಂಗಿನಕಾಯಿ ಹೆರ್ಯೇ ಹೈಸಾ.’ ಆಚೆಮನೆಯ ಮಕ್ಕಳು ಬೇಲಿಯ ಮೇಲೆ ಕೂತು ಜೊತೆಗೆ ಕೂಗುತ್ತಿದ್ದರು. ನಾನು ಎದ್ದೆ, ತೊಳೆದೆ, ಹೆರೆದೆ. ಮಂಡಿನೋವಿನ ಆ ಮುದುಕಿ, ತಾನು ಏಳಲಾರದೆ ಕೂತಲ್ಲಿಂದಲೇ ನನ್ನನ್ನು ಎಬ್ಬಿಸಿದರು. ಸೊಸೆಯನ್ನು ಕೂತು ಆಳಿದ ಅತ್ತೆಯರು ನಮ್ಮ ಕಡೆ ಬಹಳ. ಕೂತು ಬದುಕಿಸಿದವರು ಇವರೊಬ್ಬರೇ ಎಂದು ನಾನು ಎದೆತಟ್ಟಿ ಹೇಳುತ್ತೇನೆ.

ಒಂದು ವಿಚಿತ್ರ ಆಗ ಕಂಡೆ. ಕೆಲಸಕ್ಕೆ ಕೈ ಹಾಕಿದ ಮೇಲೆ ಕೆಲಸ ಕಷ್ಟವಲ್ಲ, ಶುರು ಮಾಡುವುದೇ ಕಷ್ಟ. ಒಂದೊಂದು ಶುರುವಿಗೂ ಮಣಭಾರ ಎತ್ತಿದ ಹಾಗೆ. ಕೆಲವು ತಿಂಗಳ ಮೇಲೆ ಒಂದು ಸಂಜೆ ಸೊಂಟ ಹಿಡಿದುಕೊಂಡು, ‘ಅತ್ತೇ, ಸುಸ್ತಾಯ್ತು’ ಅಂದೆ. ಅವರಿಗೆ ಹಬ್ಬವಾದಷ್ಟು ಸಂತೋಷ. ‘ಕೂತವ್ರಿಗೆ ಸುಸ್ತು ಎಲ್ಲಿಂದ ಬತ್ತದೆ? ನೀ ಇವತ್ತು ಎಂತದೋ ಮಾಡಿದ್ಯೆ’ ಎಂದು ಬೆಲ್ಲ ಹಾಕಿದ ಚಾ ಕೊಟ್ಟರು.

ಬೈತಖೋಲಕ್ಕೂ ಹೋದೆ. ರಾಶಿ ಬಿದ್ದಾಗ ಮನೆಯವರು ಹಿಂದೆ ನಿಂತು ನನ್ನ ಹೆಗಲು ಒತ್ತುತ್ತಿದ್ದರು, ನಾನು ಕೂಗುತ್ತಿದ್ದೆ. ‘ರಿಮೋಟ್ ಬಾಯಿ ಬಂತು’ ಎಂದು ಉಳಿದ ಹೆಂಗಸರು ನಕ್ಕರು. ನಗಲಿ. ಹೆಗಲು ಅವರು ಒತ್ತುತ್ತಿದ್ದರು ನಿಜ, ಆದರೆ ಯಾವ ರಾಶಿಗೆ ಎಷ್ಟು ಎಂಬ ಎಣಿಕೆ ನನ್ನದೇ. ನಾನು ಹಿಡಿದ ಮೀನು ಪೇಟೆಯಲ್ಲಿ ಒಂದು ದಿನವೂ ಉಳಿಯಲಿಲ್ಲ. ಕೊನೆಗೆ ನಕ್ಕವರೇ ನಾನು ಕೂಗುವುದನ್ನು ನೋಡಿಕೊಂಡು ತಾವೂ ಕೂಗತೊಡಗಿದರು.

ಇಷ್ಟೆಲ್ಲ ಆದರೂ ಯಾವುದೂ ನಾನಾಗಿ ಮಾಡಿದ್ದಲ್ಲ. ಮನೆಗೆ ಬಂದ ಮಗಳಿಗೆ, ‘ಊಟ ಆಯ್ತಾ ಅಂತ ಕೇಳೇ’ ಎಂದು ಅತ್ತೆ ಹೇಳಿದರೆ, ‘ಊಟ ಆಯ್ತಾ?’ ಎಂದು ಕೇಳುತ್ತಿದ್ದೆ. ಅವಳು, ‘ಅಜ್ಜಿ ಕೇಳಿದ್ದು ಅದು’ ಎಂದು ಒಳಗೆ ಹೋಗಿಬಿಡುತ್ತಿದ್ದಳು.

ಅದು ಚಳಿಗಾಲದ ಒಂದು ದಿನ. ಅತ್ತೆಯನ್ನು ಬೇಲಂಬಾರದ ಅವರ ತಂಗಿಯ ಮನೆಯಲ್ಲಿ ಇಳಿಸಿ, ಮನೆಯವರು ಟೆಂಪೋ ರಿಪೇರಿಗೆ ಅಂಕೋಲೆಗೆ ಹೋಗಿದ್ದರು. ಹೋಗುವ ಮುಂಚೆ ಅತ್ತೆ ಶೆಟ್ಲಿ ಸುಲಿಯಲು ಕೂರಿಸಿದ್ದರು. ಸುಲಿದು ಮುಗಿಯಿತು. ಮುಂದಿನದನ್ನು ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಸಿಪ್ಪೆಯ ತಟ್ಟೆ ಎದುರಿಟ್ಟುಕೊಂಡು ಹಾಗೇ ಕೂತಿದ್ದೆ. ದೀಪದ ಹೊತ್ತಾಯಿತು. ತಿರುವಿನಲ್ಲಿ ಬಸ್ಸು ನಿಂತ ಸದ್ದು, ಹೋದ ಸದ್ದು ಕೇಳಿತು. ಅಂಗಳದಲ್ಲಿ ಹೆಜ್ಜೆ ಕೇಳಲಿಲ್ಲ.

ಶ್ವೇತಾ ಬರಲಿಲ್ಲ ಎಂದು ಮನಸ್ಸಿಗೆ ಬಂತು. ಇಂಥ ಎಷ್ಟೋ ಮಾತು ಒಂದು ವರ್ಷದಿಂದ ಮನಸ್ಸಿಗೆ ಬಂದು ಅಲ್ಲೇ ಕೂತಿದ್ದವು. ಇದು ಕೂರಲಿಲ್ಲ. ನಾನು ಯಾವಾಗ ಎದ್ದೆ, ಹೇಗೆ ಅಂಗಳ ದಾಟಿದೆ ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ. ರಸ್ತೆಯ ಬದಿಯಲ್ಲಿ ನಿಂತಿದ್ದೆ. ಕೈಯಲ್ಲಿ ಶೆಟ್ಲಿಯ ವಾಸನೆ, ಒಂದು ಕಾಲಲ್ಲಿ ನನ್ನ ಚಪ್ಪಲಿ, ಇನ್ನೊಂದರಲ್ಲಿ ಅತ್ತೆಯದು. ಎದೆ ಹೊಡೆದುಕೊಳ್ಳುತ್ತಿತ್ತು. ಅದು ಹೆದರಿಕೆ ಎಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಮುಂದಿನ ಬಸ್ಸು ಬಂತು. ಇಬ್ಬರು ಗೆಳತಿಯರೊಡನೆ ನಗುತ್ತ ಇಳಿದವಳು ನನ್ನನ್ನು ಕಂಡು ನಿಂತಳು. ನನ್ನ ಹಿಂದೆ ಯಾರಿದ್ದಾರೆಂದು ಇಣುಕಿ ನೋಡಿದಳು.

‘ಅಜ್ಜಿ ಎಲ್ಲಿ?’

‘ಬೇಲಂಬಾರಕ್ಕೆ ಹೋಗ್ಯದೆ.’

‘ಅಪ್ಪ?’

‘ಗ್ಯಾರೇಜಲ್ಲಿ.’

‘ಹಂಗಾರೆ ನಿನ್ನ ಇಲ್ಲಿಗೆ ಯಾರು ಕಳ್ಸಿದ್ರು?’

‘ಯಾರು ಕಳ್ಸೂದು? ನಿನ್ನ ಹೆತ್ತದ್ದು ನಾನೋ ಅವ್ರೋ? ಹೊತ್ತು ಮುಳುಗಿದ್ದು ಕಾಣೂದಿಲ್ವಾ ನಿಂಗೆ? ಆಚೆಮನೆಗೊಂದು ಫೋನ್ ಮಾಡಿದ್ರೆ ಬೆರಳು ಸವೀತದಾ? ಯಾರ ಹತ್ರ ಹಲ್ಲು ಕಿಸೀತಾ ಕೂತಿದ್ಯೆ ಇಷ್ಟೊತ್ತು?’

ಬಸ್ಸು ಹೊರಡಲಿಲ್ಲ. ಕಂಡಕ್ಟರು ಬಾಗಿಲಲ್ಲಿ ಬಗ್ಗಿ ನೋಡುತ್ತಿದ್ದ. ಗೆಳತಿಯರು ಮೆಲ್ಲನೆ ಆಚೆ ಸರಿದರು. ಒಂದಕ್ಕೆ ಎರಡು ಎದುರುತ್ತರ ಕೊಡುವ ನನ್ನ ಮಗಳು ಚೀಲವನ್ನು ರಸ್ತೆಯ ಮೇಲೇ ಇಟ್ಟು, ನನ್ನ ಶೆಟ್ಲಿ ವಾಸನೆಯ ಕೈ ಎರಡನ್ನೂ ಹಿಡಿದುಕೊಂಡಳು. ಅವಳ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

‘ಬಯ್ಯೆ ಆಯಿ’ ಅಂದಳು. ‘ಇನ್ನೂ ಬಯ್ಯೆ.’

ಮನೆ ಮುಟ್ಟುವವರೆಗೂ ಬೈದೆ.